ಮಾವನವರು ಆರಿಸಿದ ಪವರ್ ಸಪ್ಲೈ

ಬೇಡ ಎನ್ನಲು ಬಾರದವನು ಎರಡು ಕಡೆ ಹೋಗಬಾರದು: ಒಂದು ಎಲೆಕ್ಟ್ರಿಕ್ ಅಂಗಡಿ, ಇನ್ನೊಂದು ಮಾವನ ಮನೆಯ ಊಟದ ಪಂಕ್ತಿ. ನಾನು ಮೊದಲನೆಯದಕ್ಕೆ ಎರಡನೆಯದರ ಯಜಮಾನರನ್ನೇ ಕರೆದುಕೊಂಡು ಹೋದೆ. ಆಮೇಲೆ ಆದದ್ದಕ್ಕೆ ಗ್ರಹಚಾರವನ್ನು ದೂರಿ ಪ್ರಯೋಜನವಿಲ್ಲ.

ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದಿನಾ ಸಂಜೆ ಬಸ್ಸಿಳಿದು ಬಂದು, ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಹಿತ್ತಿಲಲ್ಲಿ ಮರದ ಹಲಗೆ ಕತ್ತರಿಸುವ ಲೇಸರ್ ಯಂತ್ರವೊಂದನ್ನು ಕಟ್ಟುತ್ತಿದ್ದೆ. ಹಳೆಯ ಪ್ರಿಂಟರುಗಳ ಕೈಕಾಲು ಮುರಿದು ಇದಕ್ಕೆ ಜೋಡಿಸಿದ್ದೆ. ಲೇಸರ್ ಕಿರಣ ಹೊರಡುವ ಗಾಜಿನ ನಳಿಕೆಯನ್ನು ತಂಪಾಗಿಡುವ ನೀರಿಗಾಗಿ ಮನೆಯ ಒಳ್ಳೆಯ ಬಕೆಟ್ಟನ್ನೇ ಕದ್ದಿದ್ದೆ. ಮನೆಯಲ್ಲೇ ಜೀನ್ಸ್ ಹೊಲಿಯುತ್ತಿದ್ದ ನನ್ನ ಹೆಂಡತಿ ಪಂಪಾವತಿ ಆಗ ಗಾಂಧಿನಗರದಲ್ಲಿ ಸ್ವಂತ ಅಂಗಡಿ ತೆರೆಯಲು ಹೊರಟಿದ್ದಳು. ಅಂಗಡಿಯ ಬೋರ್ಡು ನನ್ನ ಯಂತ್ರದ್ದೇ ಎಂದು ನಾನು ಓಣಿಗೆಲ್ಲ ಡಂಗುರ ಹೊಡೆದಿದ್ದೆ. ಪಾಪ, ಅವಳು ನಂಬಿ ಪೇಂಟರನ್ನು ಬೇಡವೆಂದಿದ್ದಳು.

"ಶುಕ್ರವಾರ ಪೂಜಿ ಐತಿ. ಬೋರ್ಡಿಲ್ಲದ ಅಂಗಡಿ ಬಾಗಲಾ ತೆಗಿಯಾಕ ನಾ ಒಲ್ಲೆ ನೋಡ್ರಿ," ಎಂದಳು. ಮದುವೆಯಾದಂದಿನಿಂದ ಅವಳು ಆಸೆಪಟ್ಟು ಕೇಳಿದ್ದು ಅದೊಂದೇ. ನನಗೆ ನಿಜಕ್ಕೂ ಭಯವಾಯಿತು.

ಬಾಕಿ ಇದ್ದದ್ದು ಪವರ್ ಸಪ್ಲೈ ಒಂದೇ, ಅಂದರೆ ಲೇಸರ್ ನಳಿಕೆಗೆ ವಿದ್ಯುತ್ ಕೊಡುವ ಪೆಟ್ಟಿಗೆ. ಅದೇ ಹೊತ್ತಿಗೆ ಬಾದನಹಟ್ಟಿಯಿಂದ ಮಾವನವರು ಹೊಲದ ಮೋಟಾರು ರಿಪೇರಿಗೆಂದು ಬಳ್ಳಾರಿಗೆ ಬಂದಿದ್ದರು. ಬರುತ್ತೀರಾ ಎಂದು ನಾನು ಕೇಳಿದ್ದೇ ತಡ, ಹೆಗಲ ಮೇಲಿನ ಟವೆಲ್ ಕೊಡವಿ ನನ್ನ ಜೊತೆ ಎಲೆಕ್ಟ್ರಿಕ್ ಅಂಗಡಿಗೆ ಹೊರಟೇಬಿಟ್ಟರು. ಅಂಗಡಿಯವನು ಎರಡು ಪೆಟ್ಟಿಗೆ ಇಟ್ಟ. ಒಂದು ನನ್ನ ನಳಿಕೆಗೆ ಹೇಳಿ ಮಾಡಿಸಿದಂಥದ್ದು, ಇನ್ನೊಂದು ಅದರ ದುಪ್ಪಟ್ಟು ಶಕ್ತಿಯದು.

"ಅಳಿಯಂದ್ರ, ಸಣ್ಣದು ಯಾಕ್ರಿ?" ಎಂದರು ಮಾವ. "ಮೂರು ಎಚ್‌ಪಿ ಸಾಕು ಅಂದ ಕಡಿ ನಾನು ಐದರ ಮೋಟ್ರು ಕುಂದ್ರಿಸೀನಿ. ಕರೆಂಟು ಡಿಮ್ ಆದ್ರೂ ತಡಿತೈತಿ. ದೊಡ್ಡದ ಇರ್ಲಿ!"

ಸಾಮಾನ್ಯ ಪವರ್ ಸಪ್ಲೈ ಯಂತ್ರ ಕೇಳಿದಷ್ಟೇ ಕೊಟ್ಟು ಸುಮ್ಮನಿರುತ್ತದೆ. ಲೇಸರ್ ನಳಿಕೆಯದು ಹಾಗಲ್ಲ, ತನ್ನ ಶಕ್ತಿಯಿದ್ದಷ್ಟೂ ಒಳಗೆ ನೂಕುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ತರಗತಿಯಲ್ಲಾದರೆ ಕಪ್ಪುಹಲಗೆ ತುಂಬ ಚಿತ್ರ ಬರೆದು ವಿವರಿಸುತ್ತಿದ್ದೆ. ಮಾವನವರ ಎದುರಿಗೆ ನನ್ನ ಬಾಯಿಂದ ಹೊರಟದ್ದು, "ಹ್ಞೂಂ ಮಾವ, ದೊಡ್ಡದೇ ಇರಲಿ."

ಮರುದಿನ ಸಂಜೆ ಹಲಗೆ ಇಟ್ಟು, ಕನ್ನಡಕ ಹಾಕಿ, ಯಂತ್ರದ ಕಿವಿ ಹಿಂಡಿದೆ. ಮೊದಲು ಏನೂ ಇಲ್ಲ. ಗುಂಡಿಯನ್ನು ಇನ್ನೊಂದು ಚೂರು ತಿರುಗಿಸಿದೆನೋ ಇಲ್ಲವೋ, ಭಗ್ಗೆಂದು ಬೆಂಕಿ! ಬಕೆಟ್ಟಿನ ನೀರೇ ಉಪಯೋಗಕ್ಕೆ ಬಂತು. ಹೊಗೆ ಸರಿದಾಗ ಹಲಗೆಯ ಮೇಲೆ ನನ್ನ ಹೆಂಡತಿಯ ಹೆಸರಿರಬೇಕಾದ ಜಾಗದಲ್ಲಿ ಕರಕಲು ತೂತೊಂದಿತ್ತು. ದೇವರ ದಯೆ, ನಳಿಕೆ ಉಳಿದಿತ್ತು.

ಪಂಪಾವತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಪ್ಪನ್ನು ಎಲ್ಲಾದರೂ ಇಳಿಸಬೇಕಲ್ಲ. "ಈ ಪೆಟ್ಟಿಗೆ ನಿಮ್ಮಪ್ಪನ ಥರಾನೇ ಕಣೇ," ಎಂದೆ. "ಸಾಕಾದರೂ ಬಡಿಸುತ್ತಲೇ ಇರುತ್ತದೆ."

"ನಮ್ಮಪ್ಪ ಬಡಸ್ತಾನ, ಖರೆ. ಎಲಿ ಮ್ಯಾಲ ಕೈ ಅಡ್ಡ ಇಡಾದು ಉಣ್ಣೋರ ಕೆಲಸ ಅಲ್ಲೇನ್ರಿ?" ಎಂದು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ಮರುದಿನ ಶಾಲೆಗೆ ರಜೆ ಹಾಕಿ ಅಂಗಡಿಯವನ ಕೈಕಾಲು ಹಿಡಿದು ಸಣ್ಣ ಪೆಟ್ಟಿಗೆಗೆ ಬದಲಾಯಿಸಿಕೊಂಡು ಬಂದೆ. ಅಕ್ಷರಗಳು ಬೆಣ್ಣೆಯಲ್ಲಿ ಕೊರೆದಂತೆ ಬಂದವು. ಶುಕ್ರವಾರ ಬೋರ್ಡು ಏರಿತು. ಅವಳು ಸೆರಗಿನಿಂದ ಅದರ ಧೂಳು ಒರೆಸಿ, ನನ್ನ ಕಡೆ ತಿರುಗಿ ನಕ್ಕಳು. ಆ ಧೈರ್ಯದಲ್ಲೇ ಪೂಜೆಗೆ ಬಂದಿದ್ದ ಮಾವನವರಿಗೆ ನಿಜ ಹೇಳಿಬಿಟ್ಟೆ: "ಮಾವ, ದೊಡ್ಡದು ಜಾಸ್ತಿ ಆಯ್ತು. ಸಣ್ಣದು ತಂದೆ."

ಅವರು ಗಹಗಹಿಸಿ ನಕ್ಕರು. "ಅಯ್ಯ, ಮೊದಲ ಹೇಳಬಾರದೇನ್ರಿ? ಸಾಕು ಅಂದೋರಿಗೆ ನಾನ್ಯಾಕ ಒತ್ತಾಯ ಮಾಡ್ಲಿ?"

ಇಷ್ಟು ಸುಲಭವೇ! ಇಷ್ಟು ವರ್ಷ ಸುಮ್ಮನೆ ಹೆದರಿದೆನಲ್ಲ ಎನಿಸಿತು. ಮಧ್ಯಾಹ್ನ ಪೂಜೆಯ ಊಟಕ್ಕೆ ಮಾವನವರು ಹೋಳಿಗೆಯ ಬುಟ್ಟಿ ಹಿಡಿದು ಪಂಕ್ತಿಗೆ ಇಳಿದರು. ಎರಡು ಹೋಳಿಗೆ ಆದ ಮೇಲೆ ನಾನು, ಜನ್ಮದಲ್ಲಿ ಮೊದಲ ಸಲ, ಎಲೆಯ ಮೇಲೆ ಕೈ ಅಡ್ಡ ಇಟ್ಟು ಗಟ್ಟಿಯಾಗಿ "ಸಾಕು ಮಾವ!" ಎಂದೆ. ಪಂಪಾವತಿ ತಿರುಗಿ ನೋಡಿದಳು.

ಮಾವನವರು ಒಂದು ಕ್ಷಣ ನಿಂತರು. ಆಮೇಲೆ ನನ್ನ ಕೈಯ ಮೇಲೆಯೇ ಹೋಳಿಗೆ ಹರಡಿ, ಅದರ ಮೇಲೆ ತುಪ್ಪ ಸುರಿದು, "ಇದೊಂದ್ ತಿನ್ರಿ ಅಳಿಯಂದ್ರ," ಎಂದು ಮುಂದೆ ಹೋದರು. ಕೈ ಅಲ್ಲಾಡಿಸಿದರೆ ತುಪ್ಪ ಚೆಲ್ಲುತ್ತದೆ. ತಿಂದೆ.