ಬಾಜಿಲನ ಕಸ್ತೂರಿ

ಸೈನ್ಯಕ್ಕೆ ಹೋಗದೆ ಉಳಿಯಲು ಬಾಜಿಲನ ಬಳಿ ಇದ್ದದ್ದು ಒಂದೇ ಕಾಗದ: ಇವನಿಗೆ ದೃಷ್ಟಿ ಮಂದ ಎಂದು ವೈದ್ಯ ಬರೆದುಕೊಟ್ಟ ಚೀಟಿ. ಅದಕ್ಕೆ ಆ ಮಧ್ಯಾಹ್ನ ಭರ್ತಿ ಕಚೇರಿಯಲ್ಲಿ ಮತ್ತೆ ಮೊಹರು ಬೀಳಬೇಕಿತ್ತು. ಬೆಳಿಗ್ಗೆ ಕುತ್ತಿಗೆಗೆ ಮೂರು ಮೊಳದ ಬಟ್ಟೆ ಸುತ್ತಿಕೊಳ್ಳುವಾಗ ಕಸ್ತೂರಿಯ ಶೀಶೆ ಮೈಮೇಲೆ ಮಗುಚಿತು.

ಕ್ರಾಂತಿಯಾದ ಮೇಲೆ ಪ್ಯಾರಿಸ್ಸಿಗೆ ಪ್ಯಾರಿಸ್ಸೇ ಬ್ರೆಡ್ಡಿಗೆ ಸಾಲು ನಿಂತಿದ್ದ ಆ ವರ್ಷ, ರೇಷ್ಮೆ ಅಂಗಡಿಯ ಈ ಗುಮಾಸ್ತ ಸಂಬಳವನ್ನೆಲ್ಲ ಮೈಗೆ ಸವರಿಕೊಂಡು, ಗಂಜಿ ಹಾಕಿದ ಹುಂಜದಂತೆ ಬೀದಿಯಲ್ಲಿ ನಡೆಯುತ್ತಿದ್ದ.

ಕೆಳಮನೆಯ ಅಗಸಗಿತ್ತಿ ಪೆರೀನ್ ಮೆಟ್ಟಿಲ ಮೇಲೇ ಮೂಗು ಮುಚ್ಚಿಕೊಂಡಳು. ಕಚೇರಿಯ ಕ್ಯಾಪ್ಟನ್ನಿಗೆ, ಕುತ್ತಿಗೆಗೆ ಮೊಳಗಟ್ಟಲೆ ಬಟ್ಟೆ ಸುತ್ತಿ ಕಸ್ತೂರಿ ಪೂಸಿಕೊಂಡು ಮೆರೆಯುವ ಮುಸ್ಕಾದ್ಯಾಂಗಳನ್ನು ಕಂಡರೆ ಮೈಯೆಲ್ಲ ಉರಿ, ವಾಸನೆ ಹಿಡಿದೇ ಗಡಿಗೆ ಅಟ್ಟುತ್ತಾನೆ ಎಂದು ಹೆದರಿಸಿದಳು.

"ಅಷ್ಟು ಹಗುರವಾಗಿ ಮಾತಾಡ್ಬೇಡಿ ಅಮ್ಮ. ಮುಸ್ಕಾದ್ಯಾಂ ಅಂದ್ರೆ ನಾಜೂಕಿನವರ ಹೆಸರು."

"ಬಾಯಿ ನಾತಕ್ಕೆ ಚೀಪೋ ಗುಳಿಗೆ ಹೆಸರು ಕಣೋ ಅದು. ದೊಡ್ಡವರ ಮನೆ ಬಟ್ಟೆ ಒಗೆದವಳು ನಾನು. ಮುಸ್ಕ್ ಅಂದ್ರೆ ಕಸ್ತೂರಿ, ಅದನ್ನ ಹಾಕಿದ ಗುಳಿಗೆ ಮುಸ್ಕಾದ್ಯಾಂ. ಆ ಕಸ್ತೂರಿ ಬರೋದು ಎಲ್ಲಿಂದ ಗೊತ್ತಾ? ಗಂಡು ಜಿಂಕೆ ಹೊಕ್ಕುಳ ಕೆಳಗಿನ ಚೀಲದಿಂದ. ಲಿಯೋನ್ ಪಟ್ಟಣದಲ್ಲಿ ಸಿಪಾಯಿಗಳು ನಿಮ್ಮಂಥ ಅಂಗಡಿ ಹುಡುಗರನ್ನ ಉಗಿಯೋಕೆ ಆ ಹೆಸರಿಟ್ರು. ನೀವು ಅದನ್ನೇ ಬಿರುದು ಮಾಡ್ಕೊಂಡ್ರಿ."

ಅಷ್ಟರಲ್ಲಿ ಓಣಿಯೇ ನೆರೆದಿತ್ತು. ಪೆರೀನ್ ಬೂದಿನೀರು ಹಾಕಿ ಅವನನ್ನು ಹಾಸಿಗೆ ಬಟ್ಟೆಯಂತೆ ಕುಕ್ಕಿ ಉಜ್ಜಿದಳು. ಚರ್ಮ ಹೋಯಿತು, ವಾಸನೆ ಹೋಗಲಿಲ್ಲ. ಮೀನಿನವಳು ಹುಳಿನೀರು ಸುರಿದಳು. ಕಸ್ತೂರಿಗೆ ಉಪ್ಪಿನಕಾಯಿ ಹಾಕಿದಂತಾಯಿತು. ಕೊನೆಗೆ ಗಾಡಿ ಹೊಡೆಯುವ ಗಾಸ್ಪಾರ್ ಅವನನ್ನು ಲಾಯಕ್ಕೆ ಎಳೆದೊಯ್ದು, ಲದ್ದಿಯಲ್ಲಿ ಚೆನ್ನಾಗಿ ಹೊರಳಿಸಿ, ತನ್ನ ಹಳೆಯ ಅಂಗಿ ತೊಡಿಸಿದ. ಕಸ್ತೂರಿ ಸೋತಿತು. ಬಾಜಿಲ ಕಣ್ಣೀರು ಒರೆಸಿಕೊಂಡು ಕಚೇರಿಗೆ ಓಡಿದ.

ಬಾಗಿಲು ತೆರೆದರೆ ಒಳಗಿನಿಂದ ಘಮ್ಮೆಂದು ಕಸ್ತೂರಿ ಬಡಿಯಿತು. ಹಳೆಯ ಕ್ಯಾಪ್ಟನ್ನನ್ನು ಹಿಂದಿನ ವಾರವೇ ತೆಗೆದುಹಾಕಿದ್ದರಂತೆ. ಮೇಜಿನ ಹಿಂದೆ ಕೂತಿದ್ದ ಹೊಸಬನ ಕುತ್ತಿಗೆಗೆ ನಾಲ್ಕು ಮೊಳದ ಬಟ್ಟೆ. ಸಾಲಿನಲ್ಲಿ ಮುಂದಿದ್ದ ಮೂವರು ಘಮಘಮ ಗುಮಾಸ್ತರು ಮೊಹರು ಹಾಕಿಸಿಕೊಂಡು ಅವನೊಂದಿಗೆ ಹರಟಿ, ನಗುತ್ತ ಹೊರಬಿದ್ದರು.

ಬಾಜಿಲ ಬಗ್ಗಿ, ತಾನೂ ಮುಸ್ಕಾದ್ಯಾಂ ಎಂದು ಪಿಸುಗುಟ್ಟಿದ. ಅಧಿಕಾರಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಕುದುರೆ ನೋಡಿಕೊಂಡು ಎಷ್ಟು ವರ್ಷವಾಯಿತು ಎಂದು ಕೇಳಿದ. ಉತ್ತರಕ್ಕೆ ಕಾಯದೆ, ಫಿರಂಗಿ ಗಾಡಿ ಹೊಡೆಯುವವರ ಪಟ್ಟಿಯಲ್ಲಿ ಹೆಸರು ಬರೆದುಕೊಂಡ.

"ನಾಗರಿಕ ಅಧಿಕಾರಿಗಳೇ, ನನಗೆ ಕಣ್ಣು ಸರಿಯಾಗಿ ಕಾಣಲ್ಲ. ಚೀಟಿ ಇದೆ, ನೋಡಿ."

ಅಧಿಕಾರಿ ಚೀಟಿಯನ್ನು ಬೆರಳ ತುದಿಯಿಂದ ಆಚೆ ಸರಿಸಿದ.

"ಪರವಾಗಿಲ್ಲ. ಕುದುರೆಗೆ ಕಾಣುತ್ತೆ."