ಕಾಕಾ ಕಲಿತ ಕಳ್ಳರ ಇಂಗ್ಲಿಷ್

ನಮ್ಮ ಕಾಕಾ ಲಂಡನ್ನಿನ ಕಳ್ಳರ ಪೈಕಿ ಎಂದರೆ ನೀವು ನಂಬಲಿಕ್ಕಿಲ್ಲ. ಪಾಪ, ಇನ್ನೊಬ್ಬರ ಹೊಲದ ಹಸಿ ಕಡಲೆಯನ್ನೂ ಕಿತ್ತವನಲ್ಲ. ಮಾತು ಮಾತ್ರ ಅವರದೇ! ಐವತ್ತರ ದಶಕದ ಕೊನೆಗೆ ಅವನು ಇಂಡಿ ರೋಡ್ ಸ್ಟೇಷನ್ನಿನಲ್ಲಿ ಪಾರ್ಸಲ್ ಕಾರಕೂನ. ಸೊಲ್ಲಾಪುರದ ಗಾಡಿಯಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ತೇದಾರಿ ಪುಸ್ತಕಗಳೆಲ್ಲ ಅವನ ಪಾಲು. ಮ್ಯಾಟ್ರಿಕ್ಕಿನಲ್ಲಿ ಕಲಿತ ಇಂಗ್ಲಿಷನ್ನು ಅವನು ಆ ಪುಸ್ತಕಗಳ ಕಿಸೆಗಳ್ಳರಿಂದ ತಿದ್ದಿಕೊಂಡ. ಪೊಲೀಸರೆಂದರೆ ‘ಕಾಪರ್’, ಜೈಲೆಂದರೆ ‘ನಿಕ್’, ದೊಡ್ಡವರು ಯಾರೇ ಎದುರಾದರೂ ‘ಗವ್ನರ್’. ನಾನು ಅವನ ಮನೆಯಲ್ಲಿದ್ದುಕೊಂಡೇ ಮಾಸ್ತರಿಕೆ ಮಾಡುತ್ತಿದ್ದೆ. ದಿನವಿಡೀ ಸಾಲೆಯಲ್ಲಿ ಒದರಿ ಸುಸ್ತಾಗಿ ಬಂದವನಿಗೆ ಇದೂ ಬೇಕಿತ್ತೇ?

ಅವನ ಹೆಂಡತಿ, ನಮ್ಮ ಕಾಕು, ಚಹಾ ಕೊಟ್ಟರೆ ಒಂದು ಗುಟುಕು ಹೀರಿ “ಬ್ಲೈಮಿ” ಎನ್ನುತ್ತಿದ್ದ.

“ಏನಂದ್ರಿ?”

“ಛಾ ಭಾಳ ಚಲೋ ಆಗೇತಿ ಅಂದೆ.”

“ಹಂಗಂತ ಕನ್ನಡದಾಗ ಅಂದ್ರ ನಾಲಿಗಿ ಸವೀತೈತೇನ್ರಿ?”

ಅವನ ನಾಲಿಗೆ ಸವೆಯಲಿಲ್ಲ, ನಮ್ಮ ಕಿವಿ ಸವೆದವು.

ನನ್ನ ಮದುವೆಯ ಮಾತಿಗೆಂದು ಹೂವಿನ ಹಿಪ್ಪರಗಿಗೆ ಹೋದಾಗ ಹುಡುಗಿಯ ಸೋದರಮಾವ, ವಿಜಾಪುರದ ವಕೀಲರು, ಕೂತಿದ್ದರು. ಕಾಕಾನಿಗೆ ಹುರುಪೇರಿತು. ನನ್ನ ಬೆನ್ನು ತಟ್ಟಿ, “ಹೀ ಈಸ್ ಆ್ಯನ್ ಓಲ್ಡ್ ಲ್ಯಾಗ್, ಗವ್ನರ್” ಎಂದ. ಅವನ ಪುಸ್ತಕಗಳಲ್ಲಿ ಪತ್ತೇದಾರರು ಹಳೆಯ ಕಳ್ಳರನ್ನು ಸಲಿಗೆಯಿಂದ ಹಾಗೆ ಕರೆಯುತ್ತಿದ್ದರಂತೆ. ಅನುಭವಸ್ಥರಿಗೆ ಹೇಳುವ ಪ್ರೀತಿಯ ಮಾತೆಂದು ಇವನ ತಿಳಿವಳಿಕೆ. ಜೈಲಿಗೆ ಹೋಗಿ ಹೋಗಿ ಹಳಬನಾದವನು ಎಂಬ ಅರ್ಥ ವಕೀಲರಿಗೆ ಗೊತ್ತಿತ್ತು. ಅವಲಕ್ಕಿ ಬಂತು, ಹುಡುಗಿ ಬರಲಿಲ್ಲ. “ಆ ವಕೀಲಗ ಇಂಗ್ಲಿಷ್ ಅಷ್ಟಕ್ಕಷ್ಟ” ಎಂದು ಕಾಕಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಿದ್ದ. ಜಗಳಾಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಮರುವರ್ಷ ಕಾಕುವಿನ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಕೊಯ್ಯದಿದ್ದರೆ ಉಳಿಯುವುದಿಲ್ಲ ಎಂದರು. ದೂರದ ಮಿಷನ್ ದವಾಖಾನೆಗೆ ಹೊರಟೆವು. ಅಲ್ಲಿಯ ಡಾಕ್ಟರು ಖುದ್ದು ಲಂಡನ್ನಿನವರು! ಅವರೊಡನೆ ಆಡಬೇಕಾದ ಮಾತನ್ನು ಕಾಕಾ ರೈಲಿನಲ್ಲೇ ಗುನುಗತೊಡಗಿದ. ಇವನು ಏನಾದರೂ ಅಂದು, ಅವರಿಗೆ ಸಿಟ್ಟು ಬಂದು, ಕಾಕುವಿನ ಗತಿ ಏನಾದೀತೋ ಎಂದು ನನಗೆ ದಿಗಿಲು.

“ಕಾಕಾ, ಅಲ್ಲಿ ನಾ ಮಾತಾಡ್ತೇನಿ. ನೀ ಸುಮ್ಮ ಕೂಡು.”

“ಲಂಡನ್ನಿನಾವ್ರ ಜೋಡಿ ಹೆಂಗ ಮಾತಾಡಬೇಕು, ನಿನಗ ತಿಳೀತೈತೇನು?”

ಮೂಲೆಯಲ್ಲಿ ಚಾದರ ಹೊದ್ದು ಮಲಗಿದ್ದ ಕಾಕು ಕಣ್ಣು ತೆರೆಯದೆಯೇ, “ಇಬ್ರೂ ಸುಮ್ಮ ಕೂಡ್ರಿ” ಎಂದಳು.

ಮರುದಿನ ಮಧ್ಯಾಹ್ನ ಆಪರೇಷನ್ ಕೋಣೆಯ ಬಾಗಿಲು ತೆರೆದು ಡಾಕ್ಟರು ಹೊರಬಂದರು. ನಾನು ಏಳುವಷ್ಟರಲ್ಲಿ ಕಾಕಾ ಅವರೆದುರು ನಿಂತಿದ್ದ. ಬಾಯಿ ತೆರೆದ. ಇಷ್ಟು ವರ್ಷ ಕಲಿತದ್ದರಲ್ಲಿ ಒಂದು ಮಾತೂ ಬರಲಿಲ್ಲ. ಕೈ ಮುಗಿದು, “ನಮ್ಮಾಕಿ ಉಳಿದಾಳೇನ್ರಿ?” ಎಂದ.

ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದು ನಾನು ಮುಂದೆ ಹೋದೆ. ನಮ್ಮ ಕಡೆಯ ರೋಗಿಗಳ ನಡುವೆಯೇ ಮುದುಕರಾದ ಆ ಡಾಕ್ಟರಿಗೆ ಅದರ ಅಗತ್ಯವೇ ಇರಲಿಲ್ಲ. ಕಾಕಾನ ಮುಗಿದ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, “ಉಳಿದಾರ್ರಿ. ಒಳಗ ಹೋಗಿ ಅವ್ರ ಮಾರಿ ನೋಡ್ರಿ” ಎಂದರು.