ನೀರುಗಂಟಿಯ ಡೌನ್‌ಲೋಡು

ಊರಿಗೆಲ್ಲ ಸರದಿ ಪ್ರಕಾರ ನೀರು ಬಿಟ್ಟು, ಬಿಂದಿಗೆ ಜಗಳಗಳನ್ನೆಲ್ಲ ಗೆದ್ದು ಬಂದ ಮಹಾಪುರುಷನಿಗೆ ಮನೆಯ ಇಂಟರ್‌ನೆಟ್ ಒಂದು ಲೆಕ್ಕವೇ? ಬಂಗಾರಪೇಟೆ ಪಕ್ಕದ ಹಳ್ಳಿಯ ನೀರುಗಂಟಿ ಜಯರಾಮಪ್ಪನವರ ಪ್ರಕಾರ ಅಲ್ಲವೇ ಅಲ್ಲ. ಊರ ನಾಟಕದಲ್ಲಿ ಅವರು ರಾಕ್ಷಸನಾಗಿ ಅಬ್ಬರಿಸಿದ್ದನ್ನು ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದವರು ವಿಡಿಯೋ ಮಾಡಿ ಲಿಂಕ್ ಕಳಿಸಿದ್ದರು. ರಾತ್ರಿಯಿಡೀ ನಡೆದ ನಾಟಕ. ಫೈಲೂ ರಾಕ್ಷಸನ ಗಾತ್ರದ್ದೇ.

ಮಗ ಸುಧಾಕರ್ ಫೋನಿನಲ್ಲಿ ಎಚ್ಚರಿಸಿದ್ದ: "ಅಪ್ಪಾ, ಮಲ್ಗೋವಾಗ ಡೌನ್‌ಲೋಡ್‌ಗೆ ಆಕು. ಬೆಳಗ್ಗೆ ಮುಗೀದಿದ್ರೆ ನಡುವೆ ನಿಲ್ಸು. ನಾಮಕರಣದ ವಿಡಿಯೋ ಕಾಲ್ ಐತೆ."

"ನೀರು ಬಿಡೋನ್ಗೆ ವಾಲ್ವ್ ತಿರುಗ್ಸೋದು ಏಳ್ಕೊಡ್ತೀಯೇನ್ಲಾ?"

ನಾಮಕರಣ ಮೊಮ್ಮಗಳದ್ದು, ಚಿಂತಾಮಣಿಯಲ್ಲಿ, ಸೊಸೆ ನವ್ಯಳ ತವರಿನಲ್ಲಿ. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವರು ಜಯರಾಮಪ್ಪನವರ ಹೆಂಡತಿ ಗಂಗರತ್ನಮ್ಮ. ಹಸು ಇವತ್ತೋ ನಾಳೆಯೋ ಕರು ಹಾಕುವಂತಿದ್ದರಿಂದ ಆಕೆ ಊರು ಬಿಡುವಂತಿರಲಿಲ್ಲ. ಹೆಸರು ಫೋನಿನಲ್ಲೇ ಹೋಗಬೇಕಿತ್ತು. ಪಾಪ, ವಾರದಿಂದ "ಜಾಹ್ನವಿ, ಜಾಹ್ನವಿ" ಎಂದು ಹಸುವಿನ ಕಿವಿಯಲ್ಲೇ ಅಭ್ಯಾಸ ಮಾಡಿದ್ದರು.

ಜಯರಾಮಪ್ಪ ರಾತ್ರಿ ಮರೆತು ಗೊರಕೆ ಹೊಡೆದರು. ಬೆಳಿಗ್ಗೆ ಎದ್ದು, ಮಗನ ಹಳೇ ಲ್ಯಾಪ್‌ಟಾಪಿನಲ್ಲಿ ಡೌನ್‌ಲೋಡ್ ಶುರು ಮಾಡಿದರು.

ಕಾಲ್ ಬಂತು. ರೇಷ್ಮೆ ಸೀರೆಯುಟ್ಟ ಗಂಗರತ್ನಮ್ಮ ಫೋನನ್ನು ಬಾಯಿಗೆ ಹಿಡಿದು "ಜಾ..." ಎಂದರು. ಅಷ್ಟರಲ್ಲಿ ನೆಟ್ ಸಿಕ್ಕಿಕೊಂಡು, ಪರದೆಯ ಮೇಲೆ ಮಗುವನ್ನೆತ್ತಿಕೊಂಡಿದ್ದ ಬೀಗಿತ್ತಿ ತೆರೆದ ಬಾಯಿ ತೆರೆದಂತೆಯೇ ನಿಂತುಬಿಟ್ಟರು.

"ಏನಯ್ಯಾ, ನಿನ್ ರಾಕ್ಷಸನ್ನ ನಿಲ್ಸು."

"ಮುಕ್ಕಾಲು ತುಂಬೈತೆ ಕಣೇ. ಈಗ ನಿಲ್ಸಿದ್ರೆ ಪೈಪ್‌ಗೆ ಗಾಳಿ ಸೇರ್ಕೊಂಡು, ಬಂದಿದ್ದೆಲ್ಲ ವಾಪಸ್ ಇಳ್ದೋಗ್ತದೆ."

"ಅದು ನೀರಲ್ಲ ಕಣಯ್ಯಾ."

"ಪೈಪಲ್ಲಿ ಬರೋದೆಲ್ಲ ಒಂದೇ."

ಗಂಗರತ್ನಮ್ಮನವರ ಕಣ್ಣಲ್ಲಿ ನೀರೂ ಬಂತು, ಬೆಂಕಿಯೂ ಬಂತು. ಫೋನು ತಮ್ಮ ತಲೆಗೇ ಬೀಳುತ್ತದೆಂದು ಹೆದರಿದ ಜಯರಾಮಪ್ಪ ತಟ್ಟನೆ ಡೌನ್‌ಲೋಡ್ ನಿಲ್ಲಿಸಿದರು. ನೆಟ್ ದಬದಬನೆ ಹರಿಯಿತು! ಅದು ಗೊತ್ತಿಲ್ಲದ ಗಂಗರತ್ನಮ್ಮ, ಫೋನನ್ನು ಬಾಯಿಗೆ ಹಿಡಿದುಕೊಂಡೇ ಗಂಡನ ಕಡೆ ತಿರುಗಿ ಮನಸಾರೆ ಅಂದರು: "ಕೆಲಸಗೇಡಿ. ಕೆಲಸಗೇಡಿ. ಕೆಲಸಗೇಡಿ."

ಚಿಂತಾಮಣಿಯಲ್ಲಿ ಸ್ಪೀಕರ್ ಹಾಕಿದ ಫೋನು ಮಗುವಿನ ಕಿವಿಯ ಹತ್ತಿರವೇ ಇತ್ತು. ಬೀಗರ ಮನೆ ತುಂಬ ಸೇರಿದ್ದ ನೆಂಟರಿಷ್ಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳುತ್ತಿದ್ದ ಮಗು ಮಾತ್ರ ಸುಮ್ಮನಾಗಿ ಬೊಚ್ಚುಬಾಯಿ ಬಿಟ್ಟು ನಕ್ಕಿತು.

ನವ್ಯ ನಗು ತಡೆದುಕೊಂಡು ಅಂದಳು: "ಅತ್ತೆ, ಮೂರು ಸಲಾನೂ ಚೆನ್ನಾಗಿ ಕೇಳಿಸ್ತು. ಮಗೂಗೆ ಬೇರೆ ಹೆಸರು ಏಳಿ. ಇದು ಮಾವಂಗೇ ಇರ್ಲಿ."